ಬಸಲಿಂಗವ್ವನ ಎಡಗಾಲು

ಏಳು ಸಮುದ್ರಗಳ ಆಚೆಯಲ್ಲ, ಗ್ರಾಂಟ್ ರೋಡ್ ಸ್ಟೇಷನ್ನಿನ ಎದುರಿಗೇ, ಒಂದು ಉಡುಪಿ ಹೋಟೆಲಿನ ತಲೆಯ ಮೇಲೆ ಒಬ್ಬ ರಾಕ್ಷಸನಿದ್ದ. ಮೈ ಬಿಳಿ, ಹೊಟ್ಟೆ ಚೌಕ, ಹಣೆಯಲ್ಲಿ ಒಂದೇ ಕಣ್ಣು. ಕಣ್ಣು ಹಸಿರಾಗಿದ್ದರೆ ಸಮಾಧಾನ, ಕಿತ್ತಳೆಯಾದರೆ ಕೋಪ. ಅವನಿಗೆ ಒಂದು ಕಾಗದ ತೋರಿಸಿ, ಕಿವಿಯಲ್ಲೊಂದು ಕಡ್ಡಿ ಸಿಕ್ಕಿಸಿದರೆ ಕಾಗದದ ನೆರಳು ಆ ಕಡ್ಡಿಯೊಳಗೆ ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಇಳಿದದ್ದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ.

ಅಜ್ಜಿ ಪುಟ್ಟಲಕ್ಷ್ಮಿ ಇದ್ದಿದ್ದರೆ ಕತೆಯನ್ನು ಹೀಗೇ ಶುರು ಮಾಡುತ್ತಿದ್ದಳು ಅನ್ನಿಸಿತು ಧಾತ್ರಿಗೆ. ಆದರೆ ಅಜ್ಜಿಯ ರಾಕ್ಷಸರು ಇಷ್ಟೊಂದು ಸತಾಯಿಸುತ್ತಿರಲಿಲ್ಲ. ತಮ್ಮ ಪ್ರಾಣ ಯಾವ ಗಿಳಿಯೊಳಗಿದೆ ಎಂದು ರಾಜಕುಮಾರಿ ಕೇಳಿದ ಕೂಡಲೇ ಹೇಳಿಬಿಡುತ್ತಿದ್ದರು. ಈ ಪ್ರಿಂಟರು ಮಾತ್ರ ಮಧ್ಯಾಹ್ನದಿಂದ ಒಂದೇ ಮಾತು ಆಡುತ್ತಿತ್ತು. ‘ಪ್ಲೀಸ್ ಇನ್ಸರ್ಟ್ ಯುಎಸ್‌ಬಿ.’

ಪೆನ್ ಡ್ರೈವ್ ಅದರ ಬೆನ್ನಿನಲ್ಲೇ ಚುಚ್ಚಿಕೊಂಡಿತ್ತು.

“ಇನ್ನೂ ಸ್ವಲ್ಪ ಒತ್ತಿ ನೋಡೇ,” ಎಂದರು ಜಯಸಿಂಹ ಮಾವ, ಕುರ್ಚಿಯಿಂದ ಏಳದೆ.

“ಇನ್ನೂ ಒತ್ತಿದ್ರೆ ಆ ಕಡೆಯಿಂದ ಹೊರಗೆ ಬರುತ್ತೆ, ಮಾವ.”

ಜಯಸಿಂಹ ಧಾತ್ರಿಯ ತಾಯಿಗೆ ದೂರದ ಅಣ್ಣ. ಮೈಸೂರಿನಿಂದ ಬಂದು ಮೂವತ್ತು ವರ್ಷದಿಂದ ಈ ಒಂದು ಕೋಣೆಯಲ್ಲಿ ಕೂತು ಅಂಗಡಿಯವರ ತೆರಿಗೆ ನೋಡಿಕೊಳ್ಳುತ್ತಿದ್ದರು. ಪ್ರಿಂಟರು ಅವರದು. ಅದರ ಮೇಲೆ ಅವರಿಗಿದ್ದ ಭಯಭಕ್ತಿಯೂ ಅವರದೇ.

ಮೂಲೆಯ ಬೆಂಚಿನಲ್ಲಿ ಬಸಲಿಂಗವ್ವ ಕೂತಿದ್ದಳು. ಧಾರಾವಿಯ ಚಪ್ಪಲಿ ಕಾರೀಗರ ಗದಿಗೆಪ್ಪನ ಹೆಂಡತಿ; ಧಾತ್ರಿ ಪತ್ತೆಗೆ ಹಿಡಿದ ಕೇಸು ಅವಳದೇ. ಹದಿನೈದು ದಿನದ ಹಿಂದೆ ಗದಿಗೆಪ್ಪ ಓಡುವ ಲೋಕಲ್ ರೈಲಿನಿಂದ ಬಿದ್ದಿದ್ದ, ಅಥವಾ ಯಾರೋ ಬೀಳಿಸಿದ್ದರು. ಅಂದಿನಿಂದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಅವನು ಹಾಸಿಗೆ ಹಿಡಿದ ಮೇಲೆಯೇ ದೊಡ್ಡದೊಂದು ಚಪ್ಪಲಿ ಕಂಪನಿಯಿಂದ ನೋಟಿಸು ಬಂತು. ಈ ಮಾದರಿ ನಮ್ಮದು, ಹೋದ ಶ್ರಾವಣದಲ್ಲೇ ಚಿತ್ರ ಬರೆಸಿದ್ದೇವೆ, ಇನ್ನು ಮುಂದೆ ನೀವು ಹೊಲಿಯಕೂಡದು. ಜೊತೆಗೆ, ಆಗಲೇ ತೆಗೆದದ್ದೆಂದು, ಆ ಚಿತ್ರದ ಒಂದು ಸ್ಕ್ಯಾನ್ ಪ್ರತಿ.

ಆ ಮಾದರಿಯ ಅಸಲಿ ಚಿತ್ರ ಈಗ ಬಸಲಿಂಗವ್ವನ ಮಡಿಲಲ್ಲಿತ್ತು. ಒಂದೇ ಹಾಳೆ. ಅದರಲ್ಲಿ ಪೆನ್ಸಿಲಿನಲ್ಲಿ ಗೀಚಿದ ಒಂದು ಎಡಪಾದ, ಸುತ್ತ ನೀಲಿ ಹೊಲಿಗೆಯ ಗೆರೆ, ಹಿಮ್ಮಡಿಯ ಹತ್ತಿರ ಓರೆಯಾದ ಒಂದು ಕತ್ತರಿ ಗುರುತು. ಸಕ್ಕರೆ ಕಾಯಿಲೆಯಿಂದ ಸಂಜೆಯಾದರೆ ಊದಿಕೊಳ್ಳುವ ಹೆಂಡತಿಯ ಕಾಲಿಗಾಗಿ ಗದಿಗೆಪ್ಪ ಚರ್ಮದಲ್ಲಿ ಕಂಡುಕೊಂಡ ಸೀಳು ಅದು. ಕಾಲು ಊದಿದಷ್ಟೂ ಚಪ್ಪಲಿ ಸಡಿಲವಾಗುತ್ತದೆ. ಹಾಳೆಯಲ್ಲಿದ್ದದ್ದು ಅವಳದೇ ಪಾದ.

“ನನ್ನ ಕಾಲು ಅವರದು ಹೆಂಗಾಗ್ತದ್ರೀ?” ಎಂದು ಅವಳು ಬೆಳಿಗ್ಗೆಯಿಂದ ಎದುರು ಸಿಕ್ಕವರನ್ನೆಲ್ಲ ಕೇಳಿದ್ದಳು. ಟಿಕೆಟ್ ಚೆಕರ್‌ನನ್ನೂ ಬಿಟ್ಟಿರಲಿಲ್ಲ.

ಉತ್ತರ ಸಿಗಬೇಕಾದರೆ ಇಂದು ಸಂಜೆ ಐದರೊಳಗೆ ಆ ಚಿತ್ರದ ಸ್ಕ್ಯಾನ್ ಪೆನ್ ಡ್ರೈವ್‌ನಲ್ಲಿ ನೋಂದಣಿ ಕಚೇರಿಗೆ ಸೇರಬೇಕಿತ್ತು. ಅಳತೆ ಚೂರೂ ಆಚೀಚೆ ಆಗಬಾರದು, ಮೊಬೈಲ್ ಫೋಟೋ ಒಪ್ಪುವುದಿಲ್ಲ ಎಂದು ವಕೀಲೆ ಸಾಧನಾ ಕಟ್ಟುನಿಟ್ಟಾಗಿ ಹೇಳಿದ್ದಳು. ಜೆರಾಕ್ಸ್ ಅಂಗಡಿಗೂ ಬೇಡ, ಅವರ ಕಂಪ್ಯೂಟರಿನಲ್ಲಿ ಪ್ರತಿ ಉಳಿದುಬಿಡುತ್ತದೆ, ಗೋರೆಗಾಂವ್‌ನ ನನ್ನ ಆಫೀಸಿಗೇ ಬನ್ನಿ ಎಂದಿದ್ದಳು. ಗದಿಗೆಪ್ಪ ಬಿದ್ದ ಸುದ್ದಿ ಕೇಳಿ ತಾನಾಗಿಯೇ ಬಂದು, ಫೀಸು ಬೇಡವೆಂದು ಕೇಸು ಹಿಡಿದ ಹುಡುಗಿ; ಅಸಲಿ ಚಿತ್ರವನ್ನು ತಾನಿನ್ನೂ ನೋಡೇ ಇಲ್ಲ ಎಂದಿದ್ದಳು.

ಆದರೆ ಮಾಹಿಮ್ ಸ್ಟೇಷನ್ನಿನಲ್ಲಿ ನಿಂತರೆ ಗೋರೆಗಾಂವ್ ಕಡೆಯ ಗಾಡಿಗಳೆಲ್ಲ ಬಂದ್. ಸಿಗ್ನಲ್ ಕೆಟ್ಟಿದೆಯಂತೆ. ಚರ್ಚ್‌ಗೇಟ್ ಕಡೆಯವು ಓಡುತ್ತಿದ್ದವು. ಧಾತ್ರಿ ಬಸಲಿಂಗವ್ವನನ್ನು ಎಳೆದುಕೊಂಡು ಈ ಕಡೆಯ ಗಾಡಿ ಹತ್ತಿದಳು. ಮಾವನ ಆಫೀಸಿಗೆ ಹೋಗುತ್ತಿದ್ದೇವೆ ಎಂದು ಸಾಧನಾಗೆ ಒಂದು ಮೆಸೇಜು ಹಾಕಿದಳು.

ಬಂದು ನೋಡಿದರೆ, ರಸ್ತೆ ಅಗೆದವರು ಇಂಟರ್ನೆಟ್ಟಿನ ತಂತಿ ಕಡಿದಿದ್ದರು. ಕಂಪ್ಯೂಟರು ರಿಪೇರಿಗೆ ಹೋಗಿತ್ತು. ಉಳಿದವನು ರಾಕ್ಷಸ ಒಬ್ಬನೇ.

ಧಾತ್ರಿ ಪುಣೆಯಲ್ಲಿದ್ದ ರಾಹುಲನಿಗೆ ಫೋನು ಹಚ್ಚಿದಳು. ರಾಹುಲ್ ಮಾವನ ಮಗ. ಪ್ರಿಂಟರನ್ನು ಆರಿಸಿ ಕೊಡಿಸಿದವನು ಅವನೇ.

“ಸ್ಕ್ಯಾನ್ ಟು ಯುಎಸ್‌ಬಿ ಅಂತ ಮೆನ್ಯೂ ಕಾಣ್ತಾ ಇದೆ?” ಎಂದ ಅವನು.

“ಕಾಣ್ತಿದೆ.”

“ಪಕ್ಕಾ? ಅದು ಬಂದ್ ಇರುತ್ತೆ. ಸೆಟ್ಟಿಂಗ್ಸ್‌ನಲ್ಲಿ ಹೋಗಿ ಚಾಲೂ ಮಾಡ್ಬೇಕು. ನಾನು ಮಾಡಿಲ್ಲ.”

“ಚಾಲೂನೇ ಇದೆ, ರಾಹುಲ್. ಮಾವ ಮಾಡಿರಬೇಕು.”

ಮಾವ ಎರಡೂ ಕೈ ಎತ್ತಿದರು. ತಾನು ಮೇಲಿನ ತಟ್ಟೆಯಲ್ಲಿ ಕಾಗದ ಇಟ್ಟು ಹಸಿರು ಗುಂಡಿ ಒತ್ತುತ್ತೇನೆ, ಜೆರಾಕ್ಸ್ ಬರುತ್ತದೆ, ಆ ಗುಂಡಿ ಬಿಟ್ಟು ಬೇರೆ ಯಾವುದನ್ನೂ ಮುಟ್ಟಿಲ್ಲ, ಮುಚ್ಚಳವನ್ನು ಕೂಡ ಎತ್ತಿಲ್ಲ ಎಂದು ಕೋರ್ಟಿನಲ್ಲಿ ಪ್ರಮಾಣ ಮಾಡುವವರ ಹಾಗೆ ಹೇಳಿದರು. ಅಜೀಬ್ ಹೈ, ವಿಚಿತ್ರ, ಎಂದ ರಾಹುಲ್. ಆಮೇಲೆ ಪೆನ್ ಡ್ರೈವ್ ಎಲ್ಲಿ ಹಾಕಿದ್ದೀರಿ ಎಂದು ಕೇಳಿದ. ಹಿಂದುಗಡೆ ಎಂದಳು ಧಾತ್ರಿ.

ರಾಹುಲ್ ನಗು ನುಂಗಿಕೊಂಡದ್ದು ಪುಣೆಯಿಂದಲೇ ಕೇಳಿಸಿತು. ಹಿಂದಿನದು ಕಂಪನಿಯವರು ರಿಪೇರಿಗೆ ಬಂದಾಗ ಉಪಯೋಗಿಸುವ ತೂತಂತೆ. ಪೆನ್ ಡ್ರೈವ್‌ನದು ಮುಂದೆ, ಕೆಳಗೆ, ಒಂದು ರಬ್ಬರಿನ ರೆಪ್ಪೆಯ ಹಿಂದೆ.

ಒಂದು ಇಡೀ ಗಂಟೆ ಬೆನ್ನಿಗೆ ಚುಚ್ಚಿದ್ದಾಗಿತ್ತು. ಧಾತ್ರಿ ಮಂಡಿಯೂರಿ ಕೂತಳು. ರೆಪ್ಪೆ ಇತ್ತು. ಅದರ ಮೇಲೆ ಗಂಧ, ಗಂಧದ ಮೇಲೆ ಕುಂಕುಮದ ದೊಡ್ಡ ಬೊಟ್ಟು. ಬೊಟ್ಟು ನಟ್ಟನಡುವೆ ಬಿರುಕು ಬಿಟ್ಟಿತ್ತು.

“ಆಯುಧಪೂಜೇದು,” ಎಂದರು ಮಾವ. “ನಿಮ್ಮತ್ತೆಗೆ ಗೊತ್ತಲ್ಲ, ಕುಂಕುಮದ ಬಟ್ಟಲು ಕೈಗೆ ಬಂದ್ರೆ ಸ್ಟೇಪ್ಲರನ್ನೂ ಬಿಡಲ್ಲ. ಹೊಸಾ ಮಷೀನು ಅಂತ ಇದಕ್ಕೆ ಇನ್ನೂ ಜಾಸ್ತಿ.”

ನಿಜ. ಗೋಡೆಗೆ ನೇತುಹಾಕಿದ್ದ ಕ್ಯಾಲ್ಕ್ಯುಲೇಟರಿನ ಚೀಲಕ್ಕೂ ಗಂಧದ ಹಳದಿ ಬೆರಳಿನ ಗುರುತಿತ್ತು. ಧಾತ್ರಿ ಉಗುರಿನಿಂದ ರೆಪ್ಪೆ ತೆರೆದಳು. ಸುಲಭವಾಗಿ ಬಂತು. ಆ ಸುಲಭದ ಬಗ್ಗೆ ಅವಳು ಆಗಲೇ ಯೋಚಿಸಬೇಕಿತ್ತು. ಆದರೆ ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸಾಧನಾ.

ಎಲ್ಲಿದ್ದೀಯ ಎಂದು ಕೇಳಿದಳು ಸಾಧನಾ. ಅಲ್ಲೇ, ಮಾವನ ಆಫೀಸು. ಯಾವ ಮಷೀನು? ಇಲ್ಲಿರೋದು ಒಂದೇ ಮಷೀನು.



“ಅರೇ, ಅದು ಡಬ್ಬಾ ಇದೆ ಯಾರ್, ಬಿಟ್ಟುಬಿಡು,” ಎಂದಳು ಸಾಧನಾ. “ಮೊಬೈಲ್‌ನಲ್ಲಿ ಫೋಟೋ ತೆಗಿ. ಚಲೇಗಾ. ನಾನು ಅಡ್ಜಸ್ಟ್ ಮಾಡ್ತೀನಿ.”

ಬೆಳಿಗ್ಗೆ ಅಷ್ಟು ಭಾಷಣ ಮಾಡಿದವಳು ಇವಳೇ. ಧಾತ್ರಿಗೆ ರೇಗಿತು. ಈ ಮಷೀನನ್ನು ಗೆಲ್ಲದೆ ಇಲ್ಲಿಂದ ಏಳುವುದಿಲ್ಲ ಎಂದು ಹೇಳಿ ಫೋನಿಟ್ಟಳು. ಮತ್ತೆ ಬಂತು, ಕಟ್ ಮಾಡಿದಳು. ಮತ್ತೆ ಬಂದಾಗ ಫೋನನ್ನು ಮಾವನ ಊಟದ ಡಬ್ಬಿಯ ಮೇಲೆ ಬೋರಲು ಹಾಕಿದಳು.

ಮುಂದಿನ ತೂತಿಗೆ ಪೆನ್ ಡ್ರೈವ್ ಹಾಕಿದಾಗ ಪರದೆ ಮೊದಲ ಸಲ ಮಾತು ಬದಲಾಯಿಸಿತು. ‘ಡಿವೈಸ್ ನಾಟ್ ಸಪೋರ್ಟೆಡ್.’

“ನೋಡು, ಪ್ರಗತಿ ಆಯ್ತು,” ಎಂದರು ಮಾವ.

ಧಾತ್ರಿ ಅವರನ್ನು ನೋಡಿದ ನೋಟಕ್ಕೆ ಅವರು ಕೆಳಗಿನ ಹೋಟೆಲಿನಿಂದ ಮೂರು ಕಾಫಿ ತರಿಸಲು ಕಿಟಕಿಯತ್ತ ತಿರುಗಿಕೊಂಡರು.

ಮತ್ತೆ ಫೋನು ಮಾಡಿದರೆ, ರಾಹುಲನ ಪ್ರಕಾರ ತಪ್ಪು ಪೆನ್ ಡ್ರೈವ್‌ನದು. ಧಾತ್ರಿಯದು ಹೊಸದು, ದೊಡ್ಡದು. ಇಂಥ ಪ್ರಿಂಟರುಗಳಿಗೆ ಹಳೆಯ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ ಚಿಕ್ಕದೇ ಬೇಕು. ಕಂಪ್ಯೂಟರಿದ್ದರೆ ಬದಲಾಯಿಸಬಹುದು, ಕಂಪ್ಯೂಟರ್ ಎಲ್ಲಿ ಎಂದ. ರಿಪೇರಿಗೆ ಹೋಗಿದೆ. ನಿನ್ನ ಲ್ಯಾಪ್‌ಟಾಪ್? ಗೋರೆಗಾಂವ್‌ನಲ್ಲಿ, ಮನೆಯಲ್ಲಿ. ಹಾಗಾದರೆ ಯಾರದಾದರೂ ಹಳೇದು ಹುಡುಕು, ಛೋಟಾವಾಲಾ, ಎಂದು ಮೀಟಿಂಗಿಗೆ ಹೋದ.

ಮಾವನ ಡ್ರಾಯರುಗಳನ್ನು ಬುಡಮೇಲು ಮಾಡಿದ್ದಾಯಿತು. ರಬ್ಬರ್ ಬ್ಯಾಂಡು, ಸೀಲು, ಧೂಳು ಹಿಡಿದ ಕಲ್ಲುಸಕ್ಕರೆ. ಪೆನ್ ಡ್ರೈವ್ ಇಲ್ಲ. ಧಾತ್ರಿ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು. ಗೋರೆಗಾಂವ್‌ನಲ್ಲಿ ‘ಖಾಸಗಿ ಪತ್ತೆ ಕೆಲಸ’ ಎಂದು ಬೋರ್ಡು ಹಾಕಿಕೊಂಡು, ಹೆಬ್ಬೆರಳಿನಷ್ಟು ಕಡ್ಡಿ ಪತ್ತೆ ಮಾಡಲಾಗದೆ ಕೂತಿದ್ದೇನಲ್ಲ ಅಂದುಕೊಂಡಳು.

ಈ ಕೇಸಿನಲ್ಲಿ ಪತ್ತೆಯಾಗದೆ ಉಳಿದದ್ದು ಅದೊಂದೇ ಅಲ್ಲ. ಕಂಪನಿಯ ಪ್ರತಿ ಅವಳ ಮೊಬೈಲಿನಲ್ಲಿತ್ತು. ಅದೇ ಪಾದ, ಅದೇ ಗೆರೆ, ಅದೇ ಕತ್ತರಿ. ಜೊತೆಗೆ ಮೇಲಿನ ಬಲಮೂಲೆಯಲ್ಲಿ, ತುಂಡು ಚಂದ್ರನ ಆಕಾರದ ಒಂದು ಕೆಂಪು ಕಲೆ. ಬಸಲಿಂಗವ್ವನ ಹಾಳೆಯಲ್ಲಿ ಆ ಕಲೆ ಇರಲಿಲ್ಲ. ಹಾಗಾದರೆ ಇಂಥದೇ ಇನ್ನೊಂದು ಚಿತ್ರ ಎಲ್ಲೋ ಇದೆ, ಚರ್ಮದ ಬಣ್ಣ ತಾಗಿದ ಚಿತ್ರ, ಎಂದುಕೊಂಡು ಅವಳು ಒಂದು ವಾರ ಧಾರಾವಿಯ ಗಲ್ಲಿ ಗಲ್ಲಿ ಸುತ್ತಿದ್ದಳು. ಇನ್ನೊಂದು ಚಿತ್ರ ಸಿಗಲಿಲ್ಲ. ಸಿಕ್ಕಿದ್ದು ಬಸಲಿಂಗವ್ವನ ಒಂದು ನೆನಪು ಮಾತ್ರ: ದಸರಾ ಕಳೆದ ಮೇಲೆ ಒಂದು ದಿನ ಗದಿಗೆಪ್ಪ ಹಾಳೆಯನ್ನು ಅಂಗಿಯೊಳಗಿಟ್ಟುಕೊಂಡು ಹೋಗಿ, ಓದಿದವರೊಬ್ಬರಿಗೆ ತೋರಿಸಿ ಬಂದೆ ಎಂದಿದ್ದ. ಹೆಸರು ಹೇಳಿರಲಿಲ್ಲ.

“ತಂಗೀ, ಇದು ನಡೀತದೇನು?”

ಬಸಲಿಂಗವ್ವ ರವಿಕೆಯೊಳಗಿನ ಚೀಲದಿಂದ ಏನನ್ನೋ ತೆಗೆದು ಚಾಚಿದ್ದಳು. ಕೆಂಪು ದಾರ ಕಟ್ಟಿದ ಒಂದು ಪುಟ್ಟ, ಸವೆದ ಪೆನ್ ಡ್ರೈವ್.

“ಇದು ಎಲ್ಲಿತ್ತಮ್ಮಾ?”

“ನನ್ನ ಹಂತೇಕನ ಇತ್ತಲ್ಲ. ಭಜನಿ ಪದ ಅದಾವ್ರಿ ಇದ್ರಾಗ. ಸ್ಪೀಕರಿಗೆ ಹಾಕಿ ಕೇಳ್ತೀನಿ. ನೀವು ಪೆನ್ನು ಪೆನ್ನು ಅಂತಿದ್ರಿ, ಬರಿಯೂ ಪೆನ್ನು ಅನ್ಕೊಂಡಿದ್ದೆ.”

ಧಾತ್ರಿ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡಳು. ತೂತಿಗೆ ಹಾಕಿದಳು. ಪ್ರಿಂಟರು ಗೊಣಗಿತು, ಕಣ್ಣು ಮಿಟುಕಿಸಿತು, ಒಪ್ಪಿಕೊಂಡಿತು. ಮರುಕ್ಷಣವೇ ಹೇಳಿತು: ‘ಮೆಮೊರಿ ಫುಲ್.’

ಮಾವ ಈ ಸಲ ಪ್ರಗತಿಯ ಮಾತು ಎತ್ತಲಿಲ್ಲ.

ಪೆನ್ ಡ್ರೈವನ್ನು ಮೊಬೈಲಿಗೆ ಜೋಡಿಸುವ ಕೊಂಡಿಯೊಂದು ಧಾತ್ರಿಯ ಬ್ಯಾಗಿನಲ್ಲಿತ್ತು. ಜೋಡಿಸಿ ನೋಡಿದರೆ ಭಜನೆಗಳು ಮೂತಿಯವರೆಗೆ ತುಂಬಿಕೊಂಡಿದ್ದವು. ಒಂದನ್ನಾದರೂ ಅಳಿಸಲೇಬೇಕು, ಯಾವುದು ಎಂದು ಕೇಳಿದಳು. ಬಸಲಿಂಗವ್ವ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದಳು. ಗಂಡ ಆಸ್ಪತ್ರೆಗೆ ಸೇರಿದ ಮೇಲೆ ರಾತ್ರಿ ನಿದ್ದೆ ಬರಿಸುತ್ತಿದ್ದದ್ದು ಆ ಪದಗಳೇ.

“ನಾಗವ್ವ ಹಾಡಿದ್ದು ತಗೀರಿ,” ಎಂದಳು ಕೊನೆಗೆ. “ಮಗ್ಗಲ ಮನಿಯಾಕಿ ಅಂತ ಇಟ್ಕೊಂಡಿದ್ದೆ. ಶ್ರುತಿ ಹಿಡಿಯೂದಿಲ್ಲ.”

ನಾಗವ್ವ ಹೋದಳು. ಜಾಗ ಆಯಿತು.

ಮಾವ ಹಾಳೆಗಾಗಿ ಕೈ ಚಾಚಿದರು, ಮೇಲಿನ ತಟ್ಟೆಯಲ್ಲಿ ಇಡಲು. ಬಸಲಿಂಗವ್ವ ಹಾಳೆಯನ್ನು ಎದೆಗವಚಿಕೊಂಡಳು. ಈ ಪೆಟಿಗಿ ಆಗಲೇ ಸಾಹೇಬ್ರ ಎರಡು ಕಾಗದ ಅಗಿದು ಉಗುಳಿದ್ದನ್ನು ನಾನು ನೋಡಿಲ್ಲೇನು ಎಂದಳು. ಅಗಿದದ್ದು ನಿಜವೇ ಆದ್ದರಿಂದ ಮಾವ ಸುಮ್ಮನಾದರು. ತಟ್ಟೆ ಬೇಡ, ಮುಚ್ಚಳ ಎತ್ತಿ ಗಾಜಿನ ಮೇಲೆ ಇಡೋಣ, ನೀವೇ ಇಡಿ ಎಂದಳು ಧಾತ್ರಿ.

ಬಸಲಿಂಗವ್ವ ಇಬ್ಬರಿಗೂ ಕಾಣದಂತೆ ಬೆನ್ನು ಅಡ್ಡ ಮಾಡಿ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ತನ್ನ ಪಾದವನ್ನು ಬೋರಲು ಮಲಗಿಸಿದಳು. ಮುಚ್ಚಳವನ್ನೂ ತಾನೇ ಇಳಿಸಿದಳು.

“ಚಂದದ ಚಿತ್ರ,” ಎಂದರು ಮಾವ, ಅಷ್ಟರಲ್ಲಿ ಕಂಡ ಚೂರನ್ನು ನೋಡಿ. “ಇವತ್ತೇ ಮೊದಲ ಸಲ ನೋಡಿದ್ದು.”

ಧಾತ್ರಿ ಬಣ್ಣದ ಸ್ಕ್ಯಾನ್ ಆರಿಸಿದಳು. ಪರದೆ ತಾನಾಗಿ ಕಪ್ಪುಬಿಳುಪಿಗೆ ಹೋಯಿತು. ಮತ್ತೆ ಆರಿಸಿದಳು. ಯೋಚಿಸುತ್ತಾ ಯೋಚಿಸುತ್ತಾ ಯಂತ್ರಕ್ಕೆ ನಿದ್ದೆ ಬಂತು. ತಟ್ಟಿ ಎಬ್ಬಿಸಿ, ಮೊದಲಿನಿಂದ ಎಲ್ಲ ಒತ್ತಿ, ಹಲ್ಲು ಕಚ್ಚಿಕೊಂಡು ಹಸಿರು ಗುಂಡಿಯ ಮೇಲೆ ಬೆರಳಿಟ್ಟಳು.

ಮುಚ್ಚಳದ ಸಂದಿಯಲ್ಲಿ ಬಿಳಿ ಬೆಳಕೊಂದು ತೆವಳಿತು. ಈ ತುದಿಯಿಂದ ಆ ತುದಿಗೆ. 

‘ಸ್ಕ್ಯಾನ್ ಕಂಪ್ಲೀಟ್. ಸೇವ್ಡ್ ಟು ಯುಎಸ್‌ಬಿ.’

ಮಾವ ಕೈಮುಗಿದರು. ಬಸಲಿಂಗವ್ವ ಹಾಳೆ ವಾಪಸು ತೆಗೆದುಕೊಂಡು ಊದಿ ಒರೆಸಿದಳು. ಧಾತ್ರಿ ಮಾತ್ರ ಇನ್ನೂ ನಂಬಲಿಲ್ಲ. ಪೆನ್ ಡ್ರೈವ್ ಕಿತ್ತು ಮೊಬೈಲಿಗೆ ಜೋಡಿಸಿ, ಭಜನೆಗಳ ಕೆಳಗೆ ಕೂತಿದ್ದ ಹೊಸ ಫೈಲು ತೆರೆದಳು.

ಪಾದ ಬಂದಿತ್ತು. ಗೆರೆ ಬಂದಿತ್ತು. ಕತ್ತರಿ ಬಂದಿತ್ತು.

ಮೇಲಿನ ಬಲಮೂಲೆಯಲ್ಲಿ ತುಂಡು ಚಂದ್ರನೂ ಬಂದಿದ್ದ. ಕೆಂಪಗೆ.

ಅವಳು ಬಸಲಿಂಗವ್ವನ ಕೈಯಲ್ಲಿದ್ದ ಹಾಳೆ ನೋಡಿದಳು. ಮೂಲೆ ಸ್ವಚ್ಛ. ಕಂಪನಿಯ ಪ್ರತಿ ತೆರೆದು ನೋಡಿದಳು. ಅದೇ ಜಾಗ, ಅದೇ ಓರೆ, ಅದೇ ಸೀಳು ಅಂಚು. ಎರಡನೆಯ ಚಿತ್ರ ಎಲ್ಲೂ ಇರಲಿಲ್ಲ. ಕಲೆ ಇದ್ದದ್ದು ಕಾಗದದಲ್ಲಲ್ಲ.

ಮುಚ್ಚಳ ಎತ್ತಿದಳು. ಗಾಜಿನ ಮೂಲೆಯಲ್ಲಿ ಗಂಧದೊಡನೆ ಅಂಟಿ ಒಣಗಿದ ಕುಂಕುಮ, ಉಗುರಿನಷ್ಟು.

“ಮಾವ, ಇಲ್ಲೂ ಅತ್ತೆಯೇ ಇಟ್ಟಿದ್ದಾ?”

“ಅಯ್ಯೋ, ಗಾಜಿಗೂ ಹಚ್ಚಿದಾಳಾ? ಮಷೀನಿಗೆ ಅದೇ ಕಣ್ಣು ಅಂದಿದ್ಲು ಅವತ್ತು.” ಮಾವ ಕುರ್ಚಿಯ ಬೆನ್ನಿನ ಮೇಲಿದ್ದ ಒದ್ದೆ ಬಟ್ಟೆ ತೆಗೆದುಕೊಂಡು ಬಂದರು. “ಇರು, ಒರೆಸ್ತೀನಿ.”

ಧಾತ್ರಿ ಗಾಜಿನ ಮೇಲೆ ಅಂಗೈ ಇಟ್ಟಳು.

“ಮುಟ್ಬೇಡಿ. ಈ ಮಷೀನು ಬಂದಿದ್ದು ಯಾವತ್ತು?”

“ಆಯುಧಪೂಜೆಯ ಹಿಂದಿನ ದಿನ. ಯಾಕೆ?”

ಶ್ರಾವಣದಲ್ಲೇ ಬರೆಸಿದ್ದು ಎನ್ನುತ್ತದೆ ಕಂಪನಿ. ಶ್ರಾವಣದಲ್ಲಿ ಈ ಮಷೀನೇ ಇರಲಿಲ್ಲ, ಈ ಕುಂಕುಮ ಅತ್ತೆಯ ಬಟ್ಟಲಲ್ಲಿತ್ತು. ಅವರ ಸುಳ್ಳು ಇಲ್ಲಿಗೆ ಮುಗಿಯಿತು. ಬಸಲಿಂಗವ್ವನ ಕಾಲು ಬಸಲಿಂಗವ್ವನದೇ. ಧಾತ್ರಿಗೆ ಕುಣಿಯಬೇಕು ಅನ್ನಿಸಬೇಕಿತ್ತು. ಆದರೆ ಅವಳ ಕಣ್ಣು ಮಾವನ ಕೈಯ ಒದ್ದೆ ಬಟ್ಟೆಯ ಮೇಲೆ ನಿಂತಿತು. ಕಳ್ಳ ಪ್ರತಿ ತಯಾರಾದದ್ದು ಈ ಕೋಣೆಯಲ್ಲಿ.

“ಇವತ್ತೇ ಮೊದಲ ಸಲ ನೋಡಿದ್ದು ಅಂದ್ರಿ ಈ ಚಿತ್ರಾನ.”

ಎರಡು ಪ್ರತಿಗಳನ್ನೂ ಅವರ ಮುಂದೆ ಹಿಡಿದಳು. ಮಾವ ಕನ್ನಡಕ ಏರಿಸಿ ನೋಡಿದರು. ಬಟ್ಟೆ ಹಿಡಿದ ಕೈ ನಿಧಾನವಾಗಿ ಕೆಳಗಿಳಿಯಿತು.

“ನನ್ನನ್ನ ಕೇಳ್ತಿದೀಯೇನೇ? ನಿನ್ನ ನಾಮಕರಣಕ್ಕೆ ಉಂಗುರ ಹಾಕಿದವನನ್ನ?”

“ಕೇಳ್ಬೇಕು ಮಾವ. ಒಬ್ಬ ಮನುಷ್ಯ ಕಣ್ಣು ಬಿಡದೆ ಮಲಗಿದಾನೆ.”

ಮಾವನ ಮುಖ ಕೆಂಪಾಯಿತು. ಆದರೂ ಹೇಳಿದರು. ವಿಜಯದಶಮಿಯ ಮಾರನೆಯ ದಿನವೇ ತಾನೂ ಅತ್ತೆಯೂ ಮೈಸೂರಿಗೆ ಹೋದದ್ದು, ದೀಪಾವಳಿ ಮುಗಿಸಿಕೊಂಡು ಬಂದದ್ದು. ಆಫೀಸಿಗೆ ಬೀಗ. ರಾಹುಲ್ ಪುಣೆಯಲ್ಲಿ. ಬೇಕಾದರೆ ರೈಲಿನ ಟಿಕೆಟು ತೋರಿಸುತ್ತೇನೆ ಎಂದರು.

“ಬೀಗದ ಕೈ?”

ಮಾವ ತಿರುಗಿದರು. ಕಿಟಕಿಯಲ್ಲಿದ್ದ ತುಳಸಿ ಕುಂಡದ ಕಡೆ ನೋಡಿದರು. ಅಷ್ಟು ದಿನ ಬೀಗ ಹಾಕಿದ್ದ ಕೋಣೆಯಲ್ಲಿ ಬಾಡದೆ ಉಳಿದ ತುಳಸಿ.

“ಸಾಧನಾ ಹತ್ರ,” ಎಂದರು, ಪಿಸುಮಾತಿನಲ್ಲಿ. “ಇಲ್ಲೇ ಕೂತು ಕೆಲಸ ಕಲಿತ ಹುಡುಗಿ ಅಲ್ವೇನೇ. ಗಿಡಕ್ಕೆ ನೀರು ಹಾಕ್ತೀನಿ ಅಂಕಲ್, ಕೀ ನನಗೆ ಕೊಡಿ ಅಂದ್ಲು.”

ಗದಿಗೆಪ್ಪ ಕಂಡು ಬಂದ ಓದಿದವರು ಇವಳೇ. ಬಂದ್ ಇದ್ದ ಮೆನ್ಯೂ ಚಾಲೂ ಮಾಡಿ, ಬೊಟ್ಟು ಬಿರುಕು ಬಿಡುವಂತೆ ರೆಪ್ಪೆ ತೆರೆದವಳು. ಫೀಸು ಬೇಡ ಎಂದವಳು. ಅಸಲಿ ಚಿತ್ರವನ್ನು ನಾನಿನ್ನೂ ನೋಡೇ ಇಲ್ಲ ಎಂದವಳು. ಗೋರೆಗಾಂವ್‌ಗೇ ಬನ್ನಿ ಎಂದು, ಗ್ರಾಂಟ್ ರೋಡ್ ಎಂದ ಕೂಡಲೇ ಫೋಟೋ ಸಾಕು ಎಂದವಳು.

ಕೈಯಲ್ಲಿದ್ದ ಮೊಬೈಲು ನಡುಗಿತು. ಪಾದದ ಚಿತ್ರದ ಮೇಲೆ ಸಾಧನಾಳ ಮೆಸೇಜು ತೇಲಿ ಬಂತು. ‘ಕೆಳಗೇ ಬಂದೆ. ಪೆನ್ ಡ್ರೈವ್ ಬೇಡ. ಒರಿಜಿನಲ್ ಪೇಪರ್ ಕೊಟ್ರೆ ಸಾಕು.’

ಮರದ ಮೆಟ್ಟಿಲು ಕಿರುಗುಟ್ಟಿತು.

ಧಾತ್ರಿ ಪೆನ್ ಡ್ರೈವನ್ನು ಮುಷ್ಟಿಯಲ್ಲಿ ಬಿಗಿದಳು. ಕೆಂಪು ದಾರ ಬೆರಳ ಸಂದಿಯಿಂದ ಜೋತಾಡಿತು. ನೆರಳು ಕಡ್ಡಿಯೊಳಗೆ ಇಳಿದಿತ್ತು, ಐದರೊಳಗೆ ಅದನ್ನು ಕಚೇರಿಗೆ ಮುಟ್ಟಿಸುವುದೊಂದೇ ಬಾಕಿ.

ಬಾಗಿಲಲ್ಲಿ ಎರಡು ಮೃದುವಾದ ತಟ್ಟು.

“ನಮ್ಮ ವಕೀಲಬಾಯಿ ಬಂದ್ರು ನೋಡ್ರಿ,” ಎಂದಳು ಬಸಲಿಂಗವ್ವ, ಮುಖ ಅರಳಿಸಿ. ಇಡೀ ಮಧ್ಯಾಹ್ನ ಯಾರ ಕೈಗೂ ಕೊಡದ ಹಾಳೆಯನ್ನು ಒಂದು ಕೈಯಲ್ಲಿ ಮುಂದೆ ಚಾಚಿಕೊಂಡು, ಇನ್ನೊಂದು ಕೈಯಿಂದ ಅವಳು ಆಗಲೇ ಚಿಲಕ ತೆಗೆದಿದ್ದಳು.